ಟಾಟಾ ಕೊಟ್ಟ 30 ಲಕ್ಷ ನಗದೇ? ಇನ್‌ಸ್ಟಿಟ್ಯೂಟ್ ಜಾಗ ಯಾರದ್ದು?

ಫಲಕಬರಹ:
ಶಾಲೆಯ ವಸ್ತುಪ್ರದರ್ಶನಕ್ಕೆ ಜಮ್ಶೆಡ್‌ಜಿ ಟಾಟಾ ಬಗ್ಗೆ ನಾಲ್ಕೈದು ಸಾಲಿನ ಫಲಕ ಬೇಕು. ಒಂದು ಕಡೆ "30 ಲಕ್ಷ ಕೊಟ್ಟು 1909ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು" ಅಂತಿದೆ (ಅದೇ ಈಗಿನ ಭಾರತೀಯ ವಿಜ್ಞಾನ ಸಂಸ್ಥೆ). ಆದರೆ ಅವರು ತೀರಿಕೊಂಡಿದ್ದು 1904ರಲ್ಲಿ! ಜಾಗ ಮೈಸೂರು ಮಹಾರಾಣಿಯವರು ಕೊಟ್ಟಿದ್ದು ಅಂತ ಇನ್ನೊಂದು ಕಡೆ. ಯಾವುದು ಸರಿ? ಬಲ್ಲವರು ತಿಳಿಸಿ.

ಹಳೇಕಡತ:
ನಗದಲ್ಲ. ಮುಂಬಯಿಯ 14 ಕಟ್ಟಡಗಳು, ಜೊತೆಗೆ 4 ನಿವೇಶನಗಳು. ಆಗಿನ ಬೆಲೆಯಲ್ಲಿ ಸುಮಾರು 30 ಲಕ್ಷ, ಅವರ ಆಸ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ. ವರ್ಷಕ್ಕೆ ಬರುವ ಆದಾಯ ಒಂದೂಕಾಲು ಲಕ್ಷ ಎಂಬ ಅಂದಾಜು. ಲೆಕ್ಕ ಹಾಕಿ, ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಅಸಲು ಮುಟ್ಟದೆ ಈ ಆದಾಯದಲ್ಲೇ ಸಂಸ್ಥೆ ನಡೆಯಬೇಕು ಅನ್ನೋದು ಯೋಜನೆ. ತೊಡಕೂ ಅಲ್ಲೇ: ಪ್ರಾಧ್ಯಾಪಕರ ಸಂಬಳ, ಪ್ರಯೋಗಾಲಯ, ಕಟ್ಟಡ ಎಲ್ಲವನ್ನೂ ಒಂದೂಕಾಲು ಲಕ್ಷದಲ್ಲಿ ತೂಗಿಸೋಕಾಗಲ್ಲ. ಸರ್ಕಾರದ ವಾರ್ಷಿಕ ಅನುದಾನ ಬೇಕೇ ಬೇಕಿತ್ತು, ಅದಕ್ಕೇ ಕಡತ ಅಷ್ಟು ವರ್ಷ ಅಲೆಯಿತು.

ಕೊಡುಗೆಯ ಮಾತು ಹೊರಬಿದ್ದದ್ದು 1898ರಲ್ಲಿ. ಆ ಡಿಸೆಂಬರ್ 31ರಂದು ಯೋಜನೆಯ ಸಮಿತಿಯವರು ಕರಡು ಹಿಡಿದು ಹೊಸ ವೈಸರಾಯ್ ಕರ್ಜನ್‌ರನ್ನು ಕಂಡರು, ಅವರು ಮುಂಬಯಿಗೆ ಬಂದಿಳಿದ ಮರುದಿನವೇ. ಕರ್ಜನ್ ಅನುಮಾನ: ಇಷ್ಟು ಮೇಲ್ಮಟ್ಟದ ಓದಿಗೆ ಹುಡುಗರು ಎಲ್ಲಿಂದ ಬರ್ತಾರೆ, ಓದಿ ಮುಗಿಸಿದವರಿಗೆ ಕೆಲಸ ಎಲ್ಲಿದೆ? ಕರಡಿನಲ್ಲಿ ವೈದ್ಯಕೀಯವೂ ಇತ್ತು, ತತ್ತ್ವಶಾಸ್ತ್ರ ಮತ್ತು ಶಿಕ್ಷಣದ ವಿಭಾಗವೂ ಇತ್ತು. ಆಮೇಲೆ ವಿಜ್ಞಾನ, ತಂತ್ರಜ್ಞಾನ ಮಾತ್ರ ಉಳಿಯಿತು. ನನ್ನ ಕೇಳಿದರೆ ನಿಜವಾದ ನಷ್ಟ ಅದು.

ಗುಂಟೆಎಕರೆ:
ಜಾಗದ ವಿಷಯ. ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ 1900ರಲ್ಲಿ ಬಂದು ಊರೂರು ಸುತ್ತಿ ಬೆಂಗಳೂರೇ ಸರಿ ಅಂದರು. ಮೈಸೂರಿನವರು ಜಾಗ ಕೊಡ್ತೀವಿ ಅಂದಾಗ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರು ರೀಜೆಂಟ್ (ಚಿಕ್ಕ ವಯಸ್ಸಿನ ದೊರೆಯ ಪರವಾಗಿ ಆಡಳಿತ ನಡೆಸುವವರು), ದಿವಾನರು ಶೇಷಾದ್ರಿ ಅಯ್ಯರ್. 371 ಎಕರೆ ಕಾಗದದ ಮೇಲೆ ಬಂದದ್ದು 1907ರಲ್ಲಿ, ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. "ಮಹಾರಾಣಿ ಕೊಟ್ಟರು", "ನಾಲ್ವಡಿಯವರು ಕೊಟ್ಟರು" ಅಂತ ಜಗಳ ಆಡೋರಿಗೆ ಇಷ್ಟು ಸಾಕು. ಇದಲ್ಲದೆ ಕಟ್ಟಡಕ್ಕೆ 5 ಲಕ್ಷ, ವರ್ಷಕ್ಕೆ 50,000. ಟಾಟಾ ಆದಾಯದ ಐದರಲ್ಲಿ ಎರಡು ಪಾಲಿನಷ್ಟನ್ನು ಒಂದು ಸಂಸ್ಥಾನ ಪ್ರತಿವರ್ಷ ಕೊಡೋದು ಸಣ್ಣ ಮಾತಲ್ಲ. ಫಲಕದಲ್ಲಿ ಇದನ್ನು ಬಿಡಬೇಡಿ.

ಬಸವನಗುಡಿ ಕಡೆಯ "ಟಾಟಾ ಸಿಲ್ಕ್ ಫಾರ್ಮ್" ಬೇರೆ ಕಥೆ. ರೇಷ್ಮೆಗೆ ಜಪಾನಿ ಪದ್ಧತಿ ತರೋಕೆ ಟಾಟಾ ಶುರುಮಾಡಿದ್ದು. ರೇಷ್ಮೆ ಹೋಯ್ತು, ಹೆಸರು ಉಳಿದಿದೆ.

ಫಲಕಬರಹ:
ವಿವೇಕಾನಂದರು ಹಡಗಿನಲ್ಲಿ ಹೇಳಿದ್ದಕ್ಕೇ ಸಂಸ್ಥೆ ಆಯ್ತು ಅಂತ ವಾಟ್ಸಾಪಲ್ಲಿ ಓಡಾಡ್ತಿದೆ, ಹಾಕಬಹುದೇ?

ಹಳೇಕಡತ:
1893ರಲ್ಲಿ ಇಬ್ಬರೂ ಜಪಾನಿನಿಂದ ಒಂದೇ ಹಡಗಿನಲ್ಲಿ ಹೋದದ್ದು ನಿಜ. 1898ರ ನವೆಂಬರ್ 23ರಂದು ಟಾಟಾ ವಿವೇಕಾನಂದರಿಗೆ ಕಾಗದ ಬರೆದು, ಆ ಪ್ರಯಾಣ ನೆನಪಿಸಿ, ಯೋಜನೆಯ ಪರ ಒಂದು ಕಿರುಹೊತ್ತಗೆ ಬರೆದುಕೊಡಿ ಎಂದು ಕೇಳಿದ್ದೂ ನಿಜ. ಫಾರ್ವರ್ಡ್‌ನಲ್ಲಿರೋ ಉದ್ದುದ್ದ ಸಂಭಾಷಣೆ ಆ ಕಾಗದದಲ್ಲಿಲ್ಲ. "ಸಹಪ್ರಯಾಣಿಕರಾಗಿದ್ದರು" ಅಂತ ಬರೆದು ನಿಲ್ಲಿಸಿ.

"ಸ್ಥಾಪಿಸಿದರು" ಅನ್ನೋ ಪದವನ್ನೂ ಬದಲಿಸಿ. ಅಪ್ಪ ಹೋದ ಮೇಲೆ ಮಾತು ಉಳಿಸಿಕೊಂಡವರು ಮಕ್ಕಳಾದ ದೊರಾಬ್ಜಿ, ರತನ್‌ಜಿ. 1909 ಅಂದರೆ ಆ ವರ್ಷದ ಮೇ 27ರಂದು ಹೊರಟ ಸರ್ಕಾರಿ ಆದೇಶ, ಅಷ್ಟೇ. ಪಾಠ ಶುರುವಾದದ್ದು 1911ರ ಜುಲೈಯಲ್ಲಿ, ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನದಿಂದ.

ಗುಂಟೆಎಕರೆ:
ಫೋಟೋ ಬೇಕಿದ್ದರೆ ಮುಖ್ಯ ಕಟ್ಟಡದ ಮುಂದಿನ ಪ್ರತಿಮೆ ತೆಗೆದುಕೊಳ್ಳಿ, ಎದುರಿನಿಂದ. ಟಾಟಾ ಕೈಯಲ್ಲಿ ಅದೇ ಕಟ್ಟಡದ ಪುಟ್ಟ ಮಾದರಿ ಇದೆ. ಅದು ಕಾಣೋ ಹಾಗಿರಲಿ, ಮಕ್ಕಳು ಮೊದಲು ಅದನ್ನೇ ಕೇಳ್ತಾರೆ.