ಸಹಾಯ ಬೇಕು: ಎರಡನೇ ಕ್ಯಾವಿಟಿ ಫೋಟಾನ್ ನುಂಗ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಹತ್ತಿರ, ಎಂ.ಎಸ್ಸಿ. ಫಿಸಿಕ್ಸ್ ಕೊನೇ ಸೆಮಿಸ್ಟರ್. ಒಂದು ಕ್ಯಾವಿಟಿಯ (ಬೆಳಕನ್ನು ಹಿಡಿದಿಡುವ ಎದುರುಬದುರು ಕನ್ನಡಿಗಳು) ಒಳಗಿನ ಕ್ಯೂಬಿಟ್‌ನ (ಕ್ವಾಂಟಂ ಮಾಹಿತಿಯ ಘಟಕ, ಇಲ್ಲಿ ಒಂದು ಪರಮಾಣು) ಸ್ಥಿತಿಯನ್ನು ಫೋಟಾನ್ (ಬೆಳಕಿನ ಕಣ) ಮೂಲಕ ಇನ್ನೊಂದು ಕ್ಯಾವಿಟಿಗೆ ದಾಟಿಸೋದು ನನ್ನ ಪ್ರಾಜೆಕ್ಟ್. 2012ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ರುಬಿಡಿಯಂ ಪರಮಾಣು, 60 ಮೀಟರ್ ಫೈಬರ್ ಇಟ್ಟುಕೊಂಡು ಇದನ್ನು ಮಾಡಿ ತೋರಿಸಿದ್ದಾರೆ. ನನ್ನದು ಬರೀ ಲ್ಯಾಪ್‌ಟಾಪ್, ಪೈಥಾನ್.

ಪರಮಾಣುವಿಗೂ ಕ್ಯಾವಿಟಿಯ ಬೆಳಕಿಗೂ ಇರುವ ಜೋಡಣೆಯ ಬಲವನ್ನು ಲೇಸರ್ ಪಲ್ಸಿಂದ ಬದಲಿಸಬಹುದು. ಬದಲಿಸದೇ ಬಿಟ್ಟರೆ ಎರಡನೇ ಕ್ಯಾವಿಟಿ ಹೆಚ್ಚೆಂದರೆ ಶೇ. 54 ಹೀರಿಕೊಳ್ಳುತ್ತೆ, ಉಳಿದದ್ದು ವಾಪಸ್. ಇದು ಸರಿ, ಕೈಯಲ್ಲೇ ಲೆಕ್ಕ ಮಾಡಿದೆ, 4/e² ಬಂತು. ಫೋಟಾನ್ ದಿಢೀರನೆ ಎದ್ದು ನಿಧಾನ ಇಳಿಯುತ್ತೆ, ಹೀರೋದಕ್ಕೆ ಬೇಕಾಗಿರೋದು ಅದರ ಉಲ್ಟಾ. ಭೌತವಿಜ್ಞಾನಿಗಳಾದ ಸಿರಾಕ್, ಝೋಲರ್ ಮತ್ತಿತರರು 1997ರಲ್ಲೇ ದಾರಿ ಹೇಳಿದ್ದಾರೆ: ಫೋಟಾನ್ ಏರೋದೂ ಇಳಿಯೋದೂ ಒಂದೇ ಥರ ಇರಲಿ, ಎರಡನೇ ಕ್ಯಾವಿಟಿಗೆ ಮೊದಲನೆಯದರ ಲೇಸರ್ ಪಲ್ಸನ್ನೇ ವಿಡಿಯೋ ಹಿಂದಕ್ಕೆ ಓಡಿಸಿದ ಹಾಗೆ ಕೊಡಿ. ಫೋಟಾನ್ ಫೈಬರ್ ದಾಟುವ ವಿಳಂಬ ಸೊನ್ನೆ ಇಟ್ಟರೆ ಚಂದ ಬರುತ್ತೆ. 0.3 ಮೈಕ್ರೋಸೆಕೆಂಡ್ ಸೇರಿಸಿದ ಕೂಡಲೇ ಎಲ್ಲ ಹಾಳು.

ಪಲ್ಸ್ ತಿರುಗಿಸೋದು ಯಾವ ಕ್ಷಣದ ಸುತ್ತ? ಸಮಯ ಸೊನ್ನೆಯ ಸುತ್ತ ತಿರುಗಿಸಿ ಆಮೇಲೆ ವಿಳಂಬದಷ್ಟು ಸರಿಸಬೇಕೋ, ಸರಿಸಿ ತಿರುಗಿಸಬೇಕೋ? ನಾನು ಎರಡನೆಯದನ್ನು ಮಾಡಿದ್ದೆ, ಅಲ್ಲೇ ಎಡವಟ್ಟು ಅನ್ನೋ ಗುಮಾನಿ.

ಇನ್ನೊಂದು. ಮೊದಲ ಪಲ್ಸನ್ನು ಅರ್ಧಕ್ಕೇ ನಿಲ್ಲಿಸಿದರೆ ಎರಡೂ ಕ್ಯೂಬಿಟ್ ಎಂಟ್ಯಾಂಗಲ್ ಆಗಬೇಕಲ್ಲ (ಬೇರೆ ಬೇರೆಯಾಗಿ ವಿವರಿಸಲಾಗದಂತೆ ಹೆಣೆದುಕೊಳ್ಳೋದು), ಆಗ ಎರಡನೇ ಪಲ್ಸ್ ಹಳೆಯದೇ ಸಾಕಾ?

ಕೋಡ್ ಕಾಮೆಂಟಲ್ಲಿ ಹಾಕ್ತೇನೆ. ಮಳೆ ಹಿಡಿದಿದೆ, ಕರೆಂಟ್ ಯಾವಾಗ ಹೋಗುತ್ತೋ. ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.