ಒಣ ಅವರೆಕಾಳು ಎಷ್ಟು ವಿಜಲ್ ಹಾಕಿದರೂ ಬೇಯುತ್ತಿಲ್ಲ, ಏನು ಮಾಡಲಿ?

ಸೊಪ್ಪಿನಬುಟ್ಟಿ (ಚಿಕ್ಕಬಳ್ಳಾಪುರ):
ಮೈಸೂರಿನಿಂದ ಇಲ್ಲಿಗೆ ಬಂದ ಮೇಲೆ ಶುರುವಾದ ತಲೆನೋವು ಇದು. ಒಣ ಅವರೆಕಾಳು, ಕಡಲೆಕಾಳು, ಹುರುಳಿಕಾಳು ಯಾವುದೂ ಸರಿಯಾಗಿ ಬೇಯುತ್ತಿಲ್ಲ. ರಾತ್ರಿಯೆಲ್ಲ ನೆನೆಸಿ, ಕುಕ್ಕರಿನಲ್ಲಿ ಆರು ವಿಜಲ್ ಕೂಗಿಸಿದರೂ ಸಿಪ್ಪೆ ಗಟ್ಟಿ, ಒಳಗೆ ಮರಳು ಮರಳು. ಬಸ್ಸಾರು ಮಾಡೋಣ ಅಂದರೆ ಕಟ್ಟು ನೀರು ನೀರಾಗಿಯೇ ಬರುತ್ತದೆ. ಕುಕ್ಕರ್ ಮೈಸೂರಿನಲ್ಲಿದ್ದದ್ದೇ. ಪಕ್ಕದ ಮನೆಯವರು ಸೋಡಾ ಹಾಕಿ ಅಂತಾರೆ, ನನಗೆ ಆ ವಾಸನೆ ಆಗಲ್ಲ.

ಬೆಟ್ಟದಪುರದವ:
ಚಿಕ್ಕಬಳ್ಳಾಪುರ ಎತ್ತರದ ಜಾಗ ಅಲ್ವಾ, ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುತ್ತದೆ. ಅದಕ್ಕೇ ಇರಬೇಕು.

ಮುದ್ದೆಸಾರು (ಕೋಲಾರ):
ಮೈಸೂರೇನು ಸಮುದ್ರದ ಪಕ್ಕ ಇದೆಯಾ ಸ್ವಾಮಿ, ಅದೂ 750 ಮೀಟರ್ ಮೇಲೇ ಇದೆ. ಅಲ್ಲದೆ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ, ಎತ್ತರದಿಂದ ಅಷ್ಟೇನೂ ವ್ಯತ್ಯಾಸ ಆಗಲ್ಲ.

ಮೇಡಂ, ನಿಮ್ಮ ಮನೆಗೆ ಬರೋದು ಬೋರ್ ನೀರು ತಾನೇ? ನೀರು ಕಾಯಿಸುವ ಪಾತ್ರೆಯ ತಳ ನೋಡಿ, ಬಿಳೀ ಸುಣ್ಣ ಕಟ್ಟಿದ್ದರೆ ಅದೇ ಕಳ್ಳ. ನಮ್ಮ ಕಡೆ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕಾಳಿನಲ್ಲಿ ಪೆಕ್ಟಿನ್ ಅಂತ ಅಂಟಿನ ಪದಾರ್ಥ ಇರುತ್ತದೆ, ಅದು ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಹೋಗಿ ಅದನ್ನು ಬಿಗಿಯಾಗಿ ಹಿಡಿದುಕೊಂಡು ಕರಗೋಕೇ ಬಿಡಲ್ಲ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಂದೇ ಪ್ಯಾಕೆಟ್ಟಿನ ಕಾಳನ್ನು ಎರಡು ಭಾಗ ಮಾಡಿ, ಅರ್ಧ ನಲ್ಲಿ ನೀರಿನಲ್ಲಿ, ಅರ್ಧ ಕುಡಿಯುವ ಕ್ಯಾನ್ ನೀರಿನಲ್ಲಿ ನೆನೆಸಿ, ಆಯಾ ನೀರಿನಲ್ಲೇ ಬೇಯಿಸಿ. ನಿಮಗೇ ಗೊತ್ತಾಗುತ್ತದೆ.

ಹಳೇಪಾತ್ರೆ (ತುಮಕೂರು):
ಮೇಲಿನವರು ಹೇಳಿದ್ದು ಸರಿ. ಜೊತೆಗೆ ನೆನೆಸುವಾಗಲೇ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ನಮ್ಮತ್ತೆಯೂ ಹೇಳುತ್ತಿದ್ದರು, ಆದರೆ ಆಗೋದು ಉಲ್ಟಾ, ಸಿಪ್ಪೆ ಬೇಗ ಮೆತ್ತಗಾಗುತ್ತದೆ. ಬೇಯೋಕೆ ಬಿಡದೇ ಇರೋದು ಹುಳಿ. ಹುಣಸೆಹಣ್ಣು, ಟೊಮೇಟೊ ಎಲ್ಲ ಕಾಳು ಪೂರ್ತಿ ಬೆಂದ ಮೇಲೇ. ಕೋಲಾರದವರಿಗೆ ಇದು ಕಷ್ಟ, ಅವರಿಗೆ ಟೊಮೇಟೊ ಮೊದಲು ಬೀಳಬೇಕು!

ಸೋಡಾ ಬೇಡ ಅಂದಿದ್ದು ಒಳ್ಳೆಯದೇ. ಚಿಟಿಕೆ ಹಾಕಿದರೆ ಬೇಯೋದು ನಿಜ, ಸ್ವಲ್ಪ ಹೆಚ್ಚಾದರೂ ಸೋಪಿನ ರುಚಿ, ಬಿ1 ವಿಟಮಿನ್ನೂ ಹಾಳು.

ಮುದ್ದೆಸಾರು (ಕೋಲಾರ):
ಟೊಮೇಟೊ ವಿಷಯಕ್ಕೆ ಬರಬೇಡಿ 😄 ಹುರುಳಿಕಾಳಿಗೆ ನಮ್ಮ ಉಪಾಯ ಮೊಳಕೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಇಟ್ಟು, ಬಿಳೀ ಮೂತಿ ಬಂದ ಮೇಲೆ ಬೇಯಿಸಿದರೆ ಬೇಗ ಬೇಯುತ್ತದೆ, ಸಾರಿನ ರುಚಿಯೇ ಬೇರೆ.

ಸೊಪ್ಪಿನಬುಟ್ಟಿ (ಚಿಕ್ಕಬಳ್ಳಾಪುರ):
ನೀವು ಹೇಳಿದ ಹಾಗೆ ಮಾಡಿದೆ. ಕ್ಯಾನ್ ನೀರಿನ ಅವರೆಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೆಣ್ಣೆ ಥರ ಜಾರಿತು, ಕಟ್ಟೂ ದಪ್ಪಗೆ ಬಂತು. ನಲ್ಲಿ ನೀರಿನದು ಅರ್ಧಂಬರ್ಧ. ಆದರೆ ಕಡಲೆಕಾಳು ಮಾತ್ರ ಕ್ಯಾನ್ ನೀರಿನಲ್ಲೂ ಗಟ್ಟಿ. ಡಬ್ಬದಲ್ಲಿ ಬಹಳ ದಿನದಿಂದ ಇದ್ದದ್ದು.

ಹಳೇಪಾತ್ರೆ (ತುಮಕೂರು):
ಹಾಗಿದ್ದರೆ ಕಾಳೇ ಹಳೆಯದು. ಸೆಕೆಯಲ್ಲಿ, ತೇವದಲ್ಲಿ ತುಂಬಾ ದಿನ ಇದ್ದ ಕಾಳಿಗೆ ಯಾವ ನೀರೂ ಕೆಲಸ ಮಾಡಲ್ಲ. ಹುರಿದು ಚಟ್ನಿಪುಡಿಗೆ ಹಾಕಿಬಿಡಿ. ಇನ್ನು ಮುಂದೆ ಸ್ವಲ್ಪ ಸ್ವಲ್ಪವೇ ತನ್ನಿ. ರಾಜ್ಮಾ ಮಾಡೋದಾದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕುದಿಯಲೇಬೇಕು. ಅರೆಬೆಂದ ರಾಜ್ಮಾ ತಿಂದರೆ ವಾಂತಿ ಗ್ಯಾರಂಟಿ.