ಅಪ್ಪ-ಅಮ್ಮನ ಜೊತೆ ಸೆವಿಲ್‌ನಲ್ಲಿ ಐದು ದಿನ: ನಮ್ಮ ಅನುಭವ

ಮೇ ತಿಂಗಳಲ್ಲಿ ಸ್ಪೇನ್‌ನ ಸೆವಿಲ್‌ಗೆ ಹೋಗ್ತೀವಿ, ಅಮ್ಮನಿಗೆ ಮಂಡಿನೋವು, ಎಲ್ಲರೂ ಸಸ್ಯಾಹಾರಿಗಳು, ಸುತ್ತಮುತ್ತ ಯಾವ ಊರು ನೋಡಬಹುದು ಎಂದು ಕೇಳಿದ್ದೀರಿ. ನಾವೂ ನಮ್ಮ ಅತ್ತೆಯವರನ್ನು ಕರೆದುಕೊಂಡು ಮೇನಲ್ಲೇ ಹೋಗಿದ್ದೆವು. ಒಳ್ಳೆಯ ತಿಂಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಮೊದಲು ಅಲ್ಕಾಸರ್ ಅರಮನೆಯ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದಿಡಿ. ಅಲ್ಲೇ ಕೊಂಡರಾಯಿತು ಎಂದು ನಾವು ಸುಮ್ನೆ ಹೋಗಿ, ಎರಡು ಗಂಟೆ ಸಾಲಿನಲ್ಲಿ ನಿಂತೆವು. ವಯಸ್ಸಾದವರಿಗೆ ಅದು ಬೇಡ.

ಊರಿನ ದೊಡ್ಡ ಚರ್ಚಿನ ಗಂಟೆಗೋಪುರ ಹಿರಾಲ್ಡಾ ನೂರು ಮೀಟರಿಗಿಂತ ಎತ್ತರ ಎಂದು ಹೆದರಿ ಬಿಡಬೇಡಿ. ಹಿಂದೆ ಅದು ಮಸೀದಿಯ ಮಿನಾರು. ಒಳಗೆ ಮೆಟ್ಟಿಲುಗಳ ಬದಲು 35 ಇಳಿಜಾರುಗಳಿವೆ, ಪ್ರಾರ್ಥನೆಗೆ ಕರೆಯುವವರು ಕುದುರೆ ಮೇಲೆ ಕೂತು ಹತ್ತಲಿ ಎಂದು ಹಾಗೆ ಕಟ್ಟಿದರಂತೆ. ಮೆಟ್ಟಿಲು ಬರುವುದು ಕೊನೆಯಲ್ಲಿ ಮಾತ್ರ, ಅದೂ ಸ್ವಲ್ಪವೇ. ಅತ್ತೆ ಪ್ರತಿ ತಿರುವಿನ ಕಿಟಕಿಯ ಹತ್ತಿರ ನಿಂತು, ಊರು ನೋಡುತ್ತಾ, ತುದಿವರೆಗೂ ಬಂದರು. ಅವತ್ತಿನ ಅವರ ಮುಖ ನನಗೆ ಇನ್ನೂ ನೆನಪಿದೆ.

ಊಟದ ಚಿಂತೆ ಬೇಡ. ಪಾಲಕ್ ಸೊಪ್ಪಿಗೆ ಕಾಬೂಲ್ ಕಡಲೆ, ಬೆಳ್ಳುಳ್ಳಿ, ಜೀರಿಗೆ ಹಾಕಿದ ಒಂದು ತಿನಿಸು ಸಿಗುತ್ತದೆ, 'ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್' ಅಂತ ಕೇಳಿ. ನಮ್ಮ ಪಲ್ಯದ ಹಾಗೇ ಇರುತ್ತದೆ. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೆ ಮಾತ್ರ ಮೊಟ್ಟೆ, ಹಂದಿಮಾಂಸದ ಚೂರು ಉದುರಿಸುತ್ತಾರೆ, ಬೇಡ ಎಂದು ಮೊದಲೇ ಹೇಳಿಬಿಡಿ. ರಾತ್ರಿ ಎಂಟೂವರೆಗೆ ಮುಂಚೆ ಎಷ್ಟೋ ಕಡೆ ಅಡುಗೆಮನೆಯೇ ತೆರೆಯುವುದಿಲ್ಲ. ಅಪ್ಪನಿಗೆ ಬೇಗ ಊಟ ಮಾಡುವ ಅಭ್ಯಾಸವಿದ್ದರೆ ಏನಾದರೂ ಕೈಯಲ್ಲಿರಲಿ.

ಪಕ್ಕದ ಊರುಗಳಲ್ಲಿ ಒಂದನ್ನೇ ಆರಿಸುವುದಾದರೆ ಕೊರ್ದೊಬಾ. ಸಾಂತಾ ಹುಸ್ತಾ ಸ್ಟೇಷನ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಮೆಸ್ಕೀತಾದ ಒಳಗೆ ಕೆಂಪು-ಬಿಳಿ ಪಟ್ಟೆಯ ಕಮಾನುಗಳು, 850ಕ್ಕೂ ಹೆಚ್ಚು ಕಂಬಗಳು. ಎಂಟನೇ ಶತಮಾನದಲ್ಲಿ ಶುರುವಾದ ಮಸೀದಿ, 1236ರಲ್ಲಿ ಚರ್ಚ್ ಆಯಿತು. ನಾವು ಹೋದಾಗ ಬೆಳಿಗ್ಗೆ 8.30ರಿಂದ ಒಂದು ಗಂಟೆ ಉಚಿತ ಪ್ರವೇಶವಿತ್ತು. ಜನ ಕಡಿಮೆ, ಕಂಬಗಳ ನಡುವೆ ಮಾತೇ ಹೊರಡುವುದಿಲ್ಲ. ಮೇ ಮೊದಲರ್ಧದಲ್ಲಿ ಹೋದರೆ, ಮನೆಯಂಗಳಗಳನ್ನು ಹೂವಿನ ಕುಂಡಗಳಿಂದ ಸಿಂಗರಿಸುವ ಪಾತಿಯೊ ಹಬ್ಬವೂ ಸಿಗಬಹುದು.

ಸಮುದ್ರ ಬೇಕಿದ್ದರೆ ಕಾದಿಸ್‌ಗೂ ನೇರ ರೈಲಿದೆ. ರೋಂಡಾವನ್ನು ನಾವು ಬಿಟ್ಟೆವು. ಬೆಟ್ಟದ ದಾರಿಯಲ್ಲಿ ಬಸ್ ಪ್ರಯಾಣ ಅತ್ತೆಗೆ ಜಾಸ್ತಿಯಾಗುತ್ತಿತ್ತು.

ಒಂದು ಸಂಜೆ ಪ್ಲಾಸಾ ದೆ ಎಸ್ಪಾನ್ಯಾಕ್ಕೆ ಇಡಿ. 1929ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದು. ಒಂದೊಂದು ಪ್ರಾಂತ್ಯಕ್ಕೂ ಬಣ್ಣದ ಹೆಂಚಿನ ಕಟ್ಟೆ ಇದೆ. ಅಮ್ಮ ಅಲ್ಲಿ ಆರಾಮವಾಗಿ ಕೂರಬಹುದು.